ಯಾವ ಹಿಪ್ಪರಗಿ?

ನನಗೆ ಜನರ ಊರು ಕೇಳುವ ಚಟ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರ ಹೆಸರು ಕೇಳುವುದಿಲ್ಲ, ಊರು ಕೇಳುತ್ತೇನೆ. ಅವರು ಹೇಳಿದ ಕೂಡಲೇ ಆ ಊರಿಗೆ ಯಾವ ಬಸ್ಸು ಹೋಗುತ್ತದೆ, ಸಂತೆ ಯಾವ ವಾರ, ಬಾವಿಯ ನೀರು ಸಿಹಿಯೋ ಸವುಳೋ ಎಂದು ನಾನೇ ಹೇಳಲು ಶುರು ಮಾಡುತ್ತೇನೆ. ಪಾಪ, ಅವರು ತಮ್ಮದೇ ಊರಿನ ಬಗ್ಗೆ ಹೂಂ ಹೂಂ ಅನ್ನುತ್ತಾ ಕೂರಬೇಕು. ಸಿಂದಗಿ ಸುತ್ತಲಿನ ಹಳ್ಳಿಗಳ ಶಾಲೆಗಳಲ್ಲಿ ವರ್ಷಗಟ್ಟಲೆ ಕಲಿಸಿದವಳು ನಾನು. ಗೊತ್ತಿಲ್ಲ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಬರುವುದಿಲ್ಲ. ಈ ಜಂಬದಿಂದ ಒಂದು ಕೂಸಿಗೆ ಏನಾಯಿತು ಎಂದು ಬರೆದಿಡಬೇಕೆಂದೇ ಇವತ್ತು ಕುಳಿತಿದ್ದೇನೆ.

ಶಾಲೆಯ ಕೆಲಸ ಬಿಟ್ಟ ಮೇಲೆ ಸಿಂದಗಿಯಲ್ಲೇ ಒಂದು ಮಕ್ಕಳ ಮನೆ ಸೇರಿದೆ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಸಂತೆಯ ಬಯಲಿನಲ್ಲಿ ದಿಕ್ಕಿಲ್ಲದೆ ಸಿಕ್ಕ ಹೆಣ್ಣುಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮಲ್ಲಿಗೆ ಕಳಿಸುತ್ತಾರೆ. ನಾವು ಇರಲು ಜಾಗ ಕೊಡುತ್ತೇವೆ, ಹೊಟ್ಟೆಗೆ ಹಾಕುತ್ತೇವೆ, ನಾಲ್ಕು ಅಕ್ಷರ ಕಲಿಸಿ ಪಕ್ಕದ ಸರ್ಕಾರಿ ಶಾಲೆಗೆ ಸೇರಿಸುತ್ತೇವೆ, ಮನೆಯವರಿದ್ದರೆ ಹುಡುಕಿ ಒಪ್ಪಿಸುತ್ತೇವೆ. ಹೊಸದಾಗಿ ಬಂದ ಮಕ್ಕಳು ಮೊದಮೊದಲು ರೊಟ್ಟಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತಾರೆ. ಬೈದರೆ ಇನ್ನೂ ಹೆಚ್ಚು ಬಚ್ಚಿಡುತ್ತಾರೆ. ಸುಮ್ಮನಿದ್ದರೆ ಹತ್ತು ಹನ್ನೆರಡು ದಿನಕ್ಕೆ ತಾವಾಗಿಯೇ ಬಿಡುತ್ತಾರೆ, ನಾಳೆಯೂ ರೊಟ್ಟಿ ಇರುತ್ತದೆಂಬ ನಂಬಿಕೆ ಅಷ್ಟರಲ್ಲಿ ಬಂದಿರುತ್ತದೆ. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಇರುವೆ ಮುತ್ತಿದ ದಿಂಬುಗಳು ಹೇಳಿಕೊಟ್ಟವು.

ಅಲ್ಲಿ ನನ್ನ ಕೆಲಸ ಎರಡು. ಒಂದು, ಅಕ್ಷರ ಕಲಿಸುವುದು. ಇನ್ನೊಂದು, ಹೊಸ ಮಗು ಬಂದ ದಿನ ಎದುರಿಗೆ ಕೂರಿಸಿಕೊಂಡು, ಯಾರು, ಎಲ್ಲಿಯವಳು ಎಂದು ಮೆಲ್ಲಗೆ ಕೇಳಿ ತಿಳಿದು ಹಾಳೆ ತುಂಬುವುದು. ಈ ಎರಡನೆಯ ಕೆಲಸ ಬೇರೆ ಯಾರಾದರೂ ಮಾಡಿದರೆ ನನಗೆ ಸಮಾಧಾನವಿರುತ್ತಿರಲಿಲ್ಲ. ಅಕ್ಕೋರ ಮುಂದೆ ಮಕ್ಕಳು ಬಾಯಿ ಬಿಡುತ್ತಾರೆ ಎಂದು ಎಲ್ಲರೂ ಅನ್ನುತ್ತಿದ್ದರು. ನಮ್ಮ ಕಡೆ ಹೆಣ್ಣು ಟೀಚರಿಗೆ ಅಕ್ಕೋರು ಎಂದೇ ಕರೆಯುವುದು.

ಆ ಹುಡುಗಿ ಬಂದಾಗ ಯುಗಾದಿಗೆ ಇನ್ನೂ ವಾರವಿತ್ತು. ಹೆಸರು ಬರೆಯುವುದಿಲ್ಲ. ನಮ್ಮಲ್ಲಿಗೆ ಬಂದ ಮಕ್ಕಳ ಹೆಸರು ಹೊರಗೆ ಹೇಳಬಾರದೆಂಬ ನಿಯಮವಿದೆ, ನಿಯಮವಿಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಆರೋ ಏಳೋ ವರ್ಷ. ಇಂಡಿ ರೋಡ್ ಸ್ಟೇಷನ್ನಿನ ನಲ್ಲಿಯ ಹತ್ತಿರ ಒಬ್ಬಳೇ ನಿಂತಿದ್ದಳಂತೆ, ಕೈಯಲ್ಲಿ ಚುರುಮುರಿಯ ಪೊಟ್ಟಣ. ರೈಲು ಹೋಗಿ ಬಹಳ ಹೊತ್ತಾಗಿದ್ದರೂ ಹಳಿಯ ಕಡೆಗೇ ನೋಡುತ್ತಿದ್ದಳಂತೆ. ನಮ್ಮಲ್ಲಿಗೆ ಬಂದಾಗಲೂ ಆ ಪೊಟ್ಟಣ ಬಿಟ್ಟಿರಲಿಲ್ಲ. ನಾನು ಅದನ್ನು ಕಸಿಯಲು ಹೋಗಲಿಲ್ಲ, ಪಕ್ಕದಲ್ಲಿ ಕೂತು ಮಾತಿಗೆಳೆದೆ.

"ಯಾವೂರವ್ವ ನಿಂದು?"

"ಹಿಪ್ಪರಗಿ ರೀ."

"ಅಪ್ಪ?"

"ಸತ್ತಾನ್ರಿ."

"ಅವ್ವ ಎಲ್ಲಿ?"

"ರೈಲಿನ್ಯಾಗ ಅದಾಳ್ರಿ. ಬಸ್ಸಿಗೆ ಬಂದ್ವಿ, ಆಮ್ಯಾಲ ರೈಲ್ ಹತ್ತಿದ್ವಿ."

ಸಿಂದಗಿಯವರಿಗೆ ಹಿಪ್ಪರಗಿ ಎಂದರೆ ಒಂದೇ, ದೇವರ ಹಿಪ್ಪರಗಿ. ಮೊನ್ನೆ ಮೊನ್ನೆಯವರೆಗೂ ನಮ್ಮದೇ ತಾಲೂಕಿನಲ್ಲಿದ್ದ ಊರು. ನಮ್ಮಲ್ಲಿ ಯಾರೂ 'ದೇವರ' ಎಂದು ಬಾಯಿ ಬಿಟ್ಟು ಹೇಳುವುದಿಲ್ಲ, ಬಸ್ಸಿನ ಕಂಡಕ್ಟರು ಕೂಡ "ಹಿಪ್ಪರಗಿ, ಹಿಪ್ಪರಗಿ" ಎಂದೇ ಕೂಗುತ್ತಾನೆ. ಆದರೆ ಕಾಗದದ ಮೇಲೆ ಅರ್ಧ ಹೆಸರು ಬರೆಯಬಾರದು ಎಂಬುದು ನನ್ನ ಶಿಸ್ತು. ಊರು ಎಂದಿದ್ದ ಕಡೆ ದುಂಡಗಿನ ಅಕ್ಷರದಲ್ಲಿ 'ದೇವರ ಹಿಪ್ಪರಗಿ' ಎಂದು ಬರೆದೆ. ಹುಡುಗಿ ಹೇಳಿದ್ದು ಒಂದು ಪದ, ನಾನು ಬರೆದದ್ದು ಎರಡು.

ಉಳಿದದ್ದನ್ನೂ ನಾನೇ ಜೋಡಿಸಿದೆ. ದೇವರ ಹಿಪ್ಪರಗಿಯಿಂದ ಇಂಡಿಗೆ ಬಸ್ಸು, ಇಂಡಿಯಿಂದ ರೈಲು. ತಾಯಿ ರೈಲು ಹತ್ತಿದ್ದಾಳೆ, ಕೂಸು ಸ್ಟೇಷನ್ನಿನಲ್ಲಿ ಉಳಿದಿದೆ, ಅಂದರೆ ಬೇಕೆಂದೇ ಬಿಟ್ಟು ಹೋಗಿದ್ದಾಳೆ. ಗಂಡ ಸತ್ತ ಹೆಂಗಸು, ಏನು ಕಷ್ಟವೋ ಎಂದು ಮರುಗಿದೆ ಕೂಡ. ಮರುಗುತ್ತಲೇ ತೀರ್ಪು ಕೊಡುವುದು ನನಗೆ ಚೆನ್ನಾಗಿ ಬರುತ್ತದೆ. "ಹತ್ತಿದ್ವಿ" ಎಂದು ಹುಡುಗಿ ಹೇಳಿದ್ದು ಕಿವಿಗೆ ಬಿದ್ದಿತ್ತು. ಮಕ್ಕಳು ತಾಯಿಯನ್ನು ಬಿಟ್ಟುಕೊಡುವುದಿಲ್ಲ, ಹಾಗೇ ಹೇಳುತ್ತವೆ ಎಂದು ಅದನ್ನು ಅಲ್ಲಿಗೇ ಬಿಟ್ಟೆ.

ಪೇಪರಿನಲ್ಲಿ ಪ್ರಕಟಣೆ ಬಂತು. ಅದರಲ್ಲೂ ನನ್ನ ಎರಡು ಪದಗಳೇ ಬಂದವು. ಯಾರೂ ಬರಲಿಲ್ಲ. ಆಮೇಲೆ ಸಮಿತಿಯ ಒಪ್ಪಿಗೆ ಪಡೆದು ಹುಡುಗಿಯನ್ನು ಕರೆದುಕೊಂಡು ನಾನೇ ದೇವರ ಹಿಪ್ಪರಗಿಗೆ ಹೊರಟೆ. ಸಂತೆಯ ದಿನವನ್ನೇ ಆರಿಸಿಕೊಂಡೆ, ಹತ್ತಾರು ಹಳ್ಳಿಯ ಜನ ಸೇರಿರುತ್ತಾರೆ, ಯಾರಾದರೂ ಗುರುತು ಹಿಡಿಯುತ್ತಾರೆ ಎಂದು. ಊರಿಗೆ ಹೋಗುತ್ತೇವೆ ಎಂದಾಗ ಹುಡುಗಿ ತಾನೇ ಹೋಗಿ ಮುಖ ತೊಳೆದುಕೊಂಡು, ದೊಡ್ಡ ಹುಡುಗಿಯರ ಬೆನ್ನು ಬಿದ್ದು ಎರಡು ಜಡೆ ಹಾಕಿಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ನಿಂತೇ ಬಂದಳು.

ಇಳಿದ ಮೇಲೆ ಸುತ್ತ ನೋಡಿದಳು. ಸಂತೆಯ ತುಂಬ ಮೆಣಸಿನಕಾಯಿ, ಉಳ್ಳಾಗಡ್ಡಿ, ಬಳೆ ಅಂಗಡಿ. ಒಂದು ಸುತ್ತು ಹಾಕಿಸಿದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ತೋರಿಸಿದೆ, ಶಾಲೆಗೂ ಕರೆದುಕೊಂಡು ಹೋದೆ. ಯಾರಿಗೂ ಗುರುತಿಲ್ಲ. ಬಿಸಿಲು ನೆತ್ತಿಗೇರಿತ್ತು. ಹುಡುಗಿ ನನ್ನ ಸೆರಗು ಹಿಡಿದು ಮೆಲ್ಲಗೆ ಹೇಳಿದಳು:

"ಇದು ನಮ್ಮೂರ ಅಲ್ರಿ ಅಕ್ಕೋರ."

"ಹಿಪ್ಪರಗಿ ಅಂದೆಲ್ಲ? ಮತ್ತ ಇದೇನ ಐತಿ?"

"ಇದಲ್ರಿ, ಹಿಪ್ಪರಗಿ."

"ಹಿಪ್ಪರಗಿನ ಐತಿ ಇದು! ಇಷ್ಟು ಮಂದಿ ಹಿಪ್ಪರಗಿ ಅನ್ನಾಕತ್ತಾರ, ನೀ ಒಬ್ಬಾಕಿ ಅಲ್ಲ ಅಂತಿ. ಸುಳ್ಳು ಹೇಳಬಾರದವ್ವ. ಖರೇ ಹೇಳು, ಯಾವೂರು?"

ಜೋರಾಗಿಯೇ ಹೇಳಿದೆ. ಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಹುಡುಗಿ ನನ್ನ ಮುಖ ನೋಡಿದಳು, ಸಂತೆಯನ್ನು ನೋಡಿದಳು, ಸೆರಗು ಬಿಟ್ಟಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಹೋಗಲಿಲ್ಲ. ನಾನು ಹಾಳೆಯಲ್ಲಿ 'ಮಗು ಸರಿಯಾದ ಮಾಹಿತಿ ನೀಡುತ್ತಿಲ್ಲ' ಎಂದು ಬರೆದೆ. ಬೀದಿಯಲ್ಲಿ ಸಿಕ್ಕ ಮಕ್ಕಳು ಊರು ಮುಚ್ಚಿಡುವುದು ಹೊಸದೇನಲ್ಲ. ಹೊಡೆಯುವ ಮನೆಗೆ ಮರಳಲು ಯಾರಿಗೆ ಮನಸ್ಸು ಬರುತ್ತದೆ? ಹಾಗೆ ತಿಳಿದುಕೊಂಡು ಅವಳ ಬಗ್ಗೆ ಇನ್ನಷ್ಟು ಕರುಣೆಯನ್ನೂ ತೋರಿಸತೊಡಗಿದೆ.

ಅದಾದ ಮೇಲೆ ಯಾರು ಊರು ಕೇಳಿದರೂ ಅವಳ ಬಾಯಲ್ಲಿ ಬಂದದ್ದು ಒಂದೇ ಮಾತು, "ಗೊತ್ತಿಲ್ರಿ."

ಓದಿನಲ್ಲಿ ಮಾತ್ರ ಬಲು ಚುರುಕು. ನಾಗರಪಂಚಮಿ ಬರುವಷ್ಟರಲ್ಲಿ ಕಾಗುಣಿತ ಮುಗಿಸಿ, ಗೋಡೆಯ ಮೇಲಿನದು, ಸೋಪಿನ ಕಾಗದದ ಮೇಲಿನದು, ಸಿಕ್ಕಿದ್ದೆಲ್ಲ ಓದುತ್ತಿದ್ದಳು. ಶಾಲೆಯಲ್ಲಿ 'ನನ್ನ ಹೆಸರು, ನನ್ನ ಶಾಲೆ, ನನ್ನ ಊರು' ಎಂದು ಬರೆಯಲು ಕೊಟ್ಟಿದ್ದರು. ಎರಡು ಸಾಲು ಚೆಂದಾಗಿ ಬರೆದು ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಕುಳಿತಿದ್ದಳು. "ಸಿಂದಗಿ ಅಂತ ಬರಿ, ಏನಾಗ್ತೈತಿ" ಎಂದೆ. ಬರೆದಳು. ಹೊಂದಿಕೊಂಡಳಲ್ಲ ಎಂದು ನನಗೆ ನೆಮ್ಮದಿಯಾಯಿತು. ಆ ನೆಮ್ಮದಿ ನೆನೆಸಿಕೊಂಡರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಸರೆಯ ಹೊತ್ತಿಗೆ ಸಮಿತಿಯಿಂದ ಪತ್ರ ಬಂತು. ಇಷ್ಟು ತಿಂಗಳಾದರೂ ಕೇಳಿಕೊಂಡು ಯಾರೂ ಬಂದಿಲ್ಲವಾದ್ದರಿಂದ, ಮಗುವನ್ನು ದತ್ತು ಕೊಡಬಹುದೆಂದು ತೀರ್ಮಾನಿಸಲು ದೀಪಾವಳಿಯ ನಂತರದ ಒಂದು ದಿನ ಗೊತ್ತು ಮಾಡಿದ್ದರು. ಒಮ್ಮೆ ದತ್ತು ಹೋದಳೆಂದರೆ ಮುಗಿಯಿತು. ಹೆತ್ತವಳು ಆಮೇಲೆ ಬಂದು ಬಾಗಿಲು ಬಡಿದರೂ ನಾವು ಕೂಸನ್ನು ತೋರಿಸುವಂತಿಲ್ಲ, ಎಲ್ಲಿದೆ ಎಂದು ಹೇಳುವಂತೆಯೂ ಇಲ್ಲ. ನನಗೆ ಬೇಜಾರೇನೂ ಆಗಲಿಲ್ಲ, ಒಳ್ಳೆಯ ಮನೆ ಸಿಕ್ಕರೆ ಅವಳ ಪುಣ್ಯ ಎಂದುಕೊಂಡೆ. ಹುಡುಗಿಗೆ ತಿಳಿಸುವ ಕೆಲಸವನ್ನೂ ನಾನೇ ತೆಗೆದುಕೊಂಡೆ.

"ನಿನಗ ಹೊಸ ಅವ್ವ ಅಪ್ಪ ಸಿಗ್ತಾರವ್ವ. ಚಂದ ನೋಡ್ಕೋತಾರ."

ಅವಳು ಪಾಟಿ ಒರೆಸುತ್ತಿದ್ದಳು. ಒರೆಸುತ್ತಲೇ ಕೇಳಿದಳು, "ಮೊದಲಿನ ಅವ್ವ ಬಂದ್ರ?"

ನಾನು ಏನೋ ಹೇಳಿ ಮಾತು ಬದಲಿಸಿದೆ. ಏನು ಹೇಳಿದೆ ಎಂಬುದು ನೆನಪಿಲ್ಲ.

ಆ ವಾರವೇ ನಮ್ಮಲ್ಲಿ ಅಡುಗೆಗೆ ಹೊಸ ಹೆಂಗಸು ಬಂದಿದ್ದಳು, ಮುದ್ದೇಬಿಹಾಳದ ಕಡೆಯ ಹಳ್ಳಿಯವಳು. ರೊಟ್ಟಿ ಬಡಿಯುವ ಕೈ ಎಷ್ಟು ಜೋರೋ ಬಾಯಿಯೂ ಅಷ್ಟೇ ಜೋರು. ಒಂದು ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತಾ ನಿಂತಾಗ ರಜೆ ಕೇಳಿದಳು.

"ಅಕ್ಕೋರ, ನಾಡದ್ದು ನಮ್ಮ ಅಕ್ಕನ ಕೂಸಿನ ಜಾವಳ ಐತ್ರಿ. ಹಿಪ್ಪರಗಿಗೆ ಹೋಗಬೇಕು, ಎರಡು ದಿನ ಸೂಟಿ ಕೊಡ್ರಿ."

"ಹಿಪ್ಪರಗಿಗೆ ಹೋಗಾಕ ಎರಡು ದಿನ ಯಾಕ ಬೇಕು? ಮುಂಜಾನಿ ಹೋಗಿ ಸಂಜೀಕೆ ಬಾ."

"ಹ್ಯಾಂಗ ಬರಾಕ ಆಗ್ತೈತ್ರಿ? ಬಾಗೇವಾಡಿಗೆ ಹೋಗಿ ಬಸ್ಸು ಬದಲಿ ಮಾಡಬೇಕಲ್ರಿ."

ನನಗೆ ನಗು ಬಂತು. ಊರು ಹೇಳಿಕೊಡಲು ಒಬ್ಬರು ಸಿಕ್ಕರಲ್ಲ! "ಹುಚ್ಚಿ, ಹಿಪ್ಪರಗಿಗೆ ಯಾರರ ಬಾಗೇವಾಡಿ ಮ್ಯಾಲ ಹೋಗ್ತಾರೇನು? ಇಲ್ಲೇ ಬಸ್ ಹತ್ತಿದ್ರ ಸೀದಾ ಹೋಗಿ ಇಳಿಸ್ತೈತಿ."

ಅವಳು ಹಿಟ್ಟಿನ ಕೈ ಸೊಂಟಕ್ಕಿಟ್ಟು ನನ್ನನ್ನೇ ಹುಚ್ಚಿಯಂತೆ ನೋಡಿದಳು. "ಅದು ದೇವರ ಹಿಪ್ಪರಗಿ ಆತ್ರಿ. ನಾ ಹೊಂಟಿದ್ದು ಹೂವಿನ ಹಿಪ್ಪರಗಿಗೆ."

"ಮತ್ತ ಬರೇ ಹಿಪ್ಪರಗಿ ಅಂದಿ?"

"ನಮ್ಮ ಕಡೆ ಹಿಪ್ಪರಗಿ ಅಂದ್ರ ಅದ ಐತ್ರಿ. ಹೂವಿನ ಅಂತ ಯಾರ ಅಂತಾರ?"

ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಹೂವಿನ ಹಿಪ್ಪರಗಿ ಎಂಬ ಊರಿದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಅದು ಶುದ್ಧ ಸುಳ್ಳು. ಬಸವನ ಬಾಗೇವಾಡಿ ತಾಲೂಕಿನ ದೊಡ್ಡ ಊರು, ಮದುವೆಗೆಂದು ಒಮ್ಮೆ ಹೋಗಿಯೂ ಬಂದಿದ್ದೇನೆ. ಬೆಂಗಳೂರಿನ ಕಡೆಯ ಯಾವುದೋ ಹುಡುಗಿ ನನ್ನ ಜಾಗದಲ್ಲಿ ಕುಳಿತಿದ್ದರೆ, ಏನೂ ಗೊತ್ತಿಲ್ಲದ ಕಾರಣಕ್ಕೇ ಮೊಬೈಲಿನಲ್ಲಿ ಹುಡುಕಿ, "ಎರಡು ತೋರಿಸ್ತಿದೆ, ಯಾವ ಹಿಪ್ಪರಗಿ?" ಎಂದು ಕೇಳುತ್ತಿದ್ದಳು. ನನಗೆ ಗೊತ್ತಿತ್ತಲ್ಲ, ಹಾಗಾಗಿ ಕೇಳಲಿಲ್ಲ.

ಹುಡುಗಿಯನ್ನು ಕರೆದೆ. ಮಂಡಿಯೂರಿ ಅವಳೆದುರು ಕೂತೆ.

"ನಿಮ್ಮೂರು ಹೂವಿನ ಹಿಪ್ಪರಗಿ ಏನವ್ವ? ಬಾಗೇವಾಡಿ ಹತ್ರ?"

ಅವಳು ನನ್ನ ಕಣ್ಣನ್ನೇ ನೋಡುತ್ತಾ ನಿಂತಳು. ನನಗೆ ಯಾವ ಉತ್ತರ ಬೇಕು ಎಂದು ಹುಡುಕುತ್ತಿದ್ದಳು. ಕೊನೆಗೆ ಹೇಳಿದಳು, "ನೀವ ಹೇಳ್ರಿ ಅಕ್ಕೋರ."

ಅವಳ ಊರನ್ನು ಅವಳಿಂದಲೇ ಕಿತ್ತುಕೊಂಡಿದ್ದೆ. ಪಾಠ ಮಾಡುವ ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಅವಳನ್ನು ಕರೆದುಕೊಂಡು ಹೋಗಲಿಲ್ಲ. ಇನ್ನೊಂದು ಸಲ ಎರಡು ಜಡೆ ಹಾಕಿಸಿಕೊಂಡು ಬರಿಗೈಲಿ ಮರಳುವುದು ಆ ಮುಖಕ್ಕೆ ಬೇಡ ಅನ್ನಿಸಿತು. ಅಡುಗೆಯವಳ ಜೊತೆ ನಾನೂ ಜಾವಳಕ್ಕೆ ಹೊರಟೆ. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ ಹೂವಿನ ಹಿಪ್ಪರಗಿಗೆ ಇಳಿದಾಗ ಮಧ್ಯಾಹ್ನವಾಗಿತ್ತು. ಅವಳ ಅಕ್ಕನ ಮನೆಯಲ್ಲಿ ಕೂಸಿನ ತಲೆ ಬೋಳಿಸಿ ಹೋಳಿಗೆ ಬಡಿಸುತ್ತಿದ್ದರು. ಎಲೆಯ ಮುಂದೆ ಕುಳಿತವಳು ಕೈ ಹಾಕದೆ ಕೇಳಿದೆ: ಈ ಊರಿನಲ್ಲಿ ಹೋದ ಯುಗಾದಿ ಹತ್ತಿರ ಯಾವುದಾದರೂ ಹೆಣ್ಣುಕೂಸು ಕಳೆದಿದೆಯೇ?

ಬಡಿಸುತ್ತಿದ್ದ ಅಕ್ಕ ಅಲ್ಲೇ ನಿಂತಳು. "ಕಳದೈತ್ರಿ. ಆದ್ರ ಅದು ಸೊಲ್ಲಾಪುರದಾಗ ಕಳದಿದ್ದು."

ಅವಳೇ ನನ್ನನ್ನು ಎರಡು ಓಣಿ ದಾಟಿಸಿ ಕರೆದೊಯ್ದಳು. ಕಟ್ಟೆಯ ಮೇಲೆ ಒಬ್ಬ ಅಜ್ಜಿ ಮೊರದಲ್ಲಿ ತೊಗರಿ ಹಸನು ಮಾಡುತ್ತಾ ಕುಳಿತಿದ್ದಳು. ಸತ್ತ ಮಗನ ಮಗಳು, ಒಬ್ಬಳೇ ಮೊಮ್ಮಗಳು. "ಸೊಸಿ ದುಡ್ಯಾಕ ಅಂತ ಸೊಲ್ಲಾಪುರಕ್ಕ ಕರಕೊಂಡು ಹೋದ್ಲ್ರಿ. ದೊಡ್ಡ ಪ್ಯಾಟಿ, ನುಂಗಿಬಿಡ್ತು ನಮ್ಮ ಕೂಸಿನ್ನ" ಎಂದಳು. ನಾನು ಮೊಬೈಲು ತೆಗೆದು ಫೋಟೊ ತೋರಿಸಿದೆ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, ಕೆನ್ನೆ ಸವರಲು ಬೆರಳಿಟ್ಟಳು. ಬೆರಳು ತಾಗಿ ಫೋಟೊ ಸರಿದು ಬೇರೇನೋ ಬಂತು. "ಅಯ್ಯಯ್ಯ, ಹೋದ್ಲಲ್ಲ!" ಎಂದು ಗಾಬರಿಯಾಗಿ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಗುವಂತೆಯೂ ಇತ್ತು, ನನಗೆ ಅಳು ಬಂತು. ಮತ್ತೆ ತೆಗೆದು ತೋರಿಸಿ, "ಎಲ್ಲೂ ಹೋಗಿಲ್ಲ ಆಯಿ, ಸಿಂದಗ್ಯಾಗ ಅದಾಳ, ಉಂಡ್ಕೊಂಡು ಓದ್ಕೊಂಡು ಆರಾಮ ಅದಾಳ" ಎಂದೆ.

ತಾಯಿ ಊರಿನಲ್ಲಿರಲಿಲ್ಲ. ಸೊಲ್ಲಾಪುರದಲ್ಲೇ ಇದ್ದಳು, ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಾ. "ಇಲ್ಲೇ ಕಳದೈತಿ, ಇಲ್ಲೇ ಸಿಗ್ತೈತಿ ಅಂತಾಳ, ಬರಾಕ ವಲ್ಲೆ ಅಂತಾಳ" ಎಂದಳು ಅಜ್ಜಿ. ಪಕ್ಕದ ಮನೆಯವರ ಫೋನಿನಿಂದ ತಾಯಿಯ ಜೊತೆ ಮಾತಾಡಿದೆ. ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಇಬ್ಬರೂ ರೈಲು ಹತ್ತಿದ್ದರು. ಗದ್ದಲದಲ್ಲಿ ನೆಲಕ್ಕೇ ಕೂತು ಗಂಟಿಗೆ ತಲೆಯಿಟ್ಟ ತಾಯಿಗೆ ಜೊಂಪು ಹತ್ತಿತ್ತು. ಎಚ್ಚರವಾದಾಗ ಸೊಲ್ಲಾಪುರ, ಜನ ಇಳಿಯುತ್ತಿದ್ದರು, ಮಗಳು ಕಾಣಲಿಲ್ಲ. ಇಳಿಯುವ ನೂಕಾಟದಲ್ಲಿ ತಪ್ಪಿಸಿಕೊಂಡಳೆಂದು ಅಲ್ಲಿನ ಮಹಾರಾಷ್ಟ್ರ ಪೊಲೀಸರಿಗೇ ದೂರು ಕೊಟ್ಟು, ರೈಲು ಬಂದಾಗಲೆಲ್ಲ ಪ್ಲಾಟ್‌ಫಾರ್ಮಿಗೆ ಓಡಿ ನೋಡುತ್ತಿದ್ದಳು. "ಇಂಡಿ ಅಂತೀರೇನ್ರಿ? ಇಂಡ್ಯಾಗ ಹ್ಯಾಂಗ ಇಳೀತ್ರಿ ಅದು?" ಎಂದು ಅದನ್ನೇ ಮತ್ತೆ ಮತ್ತೆ ಕೇಳಿದಳು.

ಹೇಗೆ ಇಳಿಯಿತು ಎಂಬುದನ್ನು ಮರುದಿನ ಹುಡುಗಿಯೇ ಒಂದೇ ಉಸಿರಿನಲ್ಲಿ ಹೇಳಿದಳು. ಅವ್ವನಂಥದೇ ಕೆಂಪು ಸೆರಗಿನ ಇಳಕಲ್ ಸೀರೆಯ ಹೆಂಗಸೊಬ್ಬಳು ಇಳಿದಿದ್ದಳು, ನಿದ್ದೆಗಣ್ಣಿನಲ್ಲಿ ಅವಳ ಹಿಂದೆ ಇವಳೂ ಇಳಿದಿದ್ದಳು. ಇಷ್ಟು ತಿಂಗಳಲ್ಲಿ ಇದನ್ನು ಯಾಕೆ ಹೇಳಲಿಲ್ಲ? ಯಾರೂ ಕೇಳಿರಲಿಲ್ಲ. ನಾನು ಕೇಳಿದ್ದು ಊರು ಮಾತ್ರ.

ಸಮಿತಿ ಗೊತ್ತು ಮಾಡಿದ್ದ ದಿನವೇ ವಿಜಯಪುರದಲ್ಲಿ ಎಲ್ಲರೂ ಸೇರಿದೆವು. ದತ್ತು ತೀರ್ಮಾನಿಸಬೇಕಿದ್ದ ಕೋಣೆಗೆ ತಾಯಿ ಸೊಲ್ಲಾಪುರದಿಂದ ಬಂದು ಕುಳಿತಿದ್ದಳು, ಪಕ್ಕದಲ್ಲಿ ಅಜ್ಜಿ. ಮಗಳು ಬಾಗಿಲಲ್ಲೇ ನಿಂತುಬಿಟ್ಟಳು. ತಾಯಿ ಎದ್ದು ಬಂದು ಅವಳ ನೆತ್ತಿ ಮೂಸಿದಳು, ಕೈ ಕಾಲು ಮುಟ್ಟಿ ಮುಟ್ಟಿ ನೋಡಿದಳು, ಆಮೇಲೆ ಒಮ್ಮೆಲೇ ಗೋಳೋ ಎಂದಳು. ಹುಡುಗಿ ಅಳಲಿಲ್ಲ. ತಾಯಿಯ ಸೆರಗಿನ ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಳು.

ನನ್ನ ವರದಿ ಮೇಜಿನ ಮೇಲಿತ್ತು. ಅದರಲ್ಲಿ 'ಊರಿನ ಹೆಸರಿನ ಗೊಂದಲದಿಂದಾಗಿ ವಿಳಂಬವಾಗಿದೆ' ಎಂದು ಬರೆದಿದ್ದೆ. ಗೊಂದಲ ಎಂಬುದು ಬಹಳ ಅನುಕೂಲದ ಪದ, ಯಾರ ತಲೆಯ ಮೇಲೂ ಕೂರುವುದಿಲ್ಲ. ಸಮಿತಿಯ ಅಧ್ಯಕ್ಷೆ ಓದಿ ಮುಗಿಸಿ, ಬೈಯುವ ದನಿಯಲ್ಲಲ್ಲ, ಮುದ್ದಿನಿಂದಲೇ ಹುಡುಗಿಯನ್ನು ಕೇಳಿದರು.

"ಶ್ಯಾಣ್ಯಾಕಿ ಅದಿ, ಓದಾಕ ಬರಿಯಾಕ ಬರ್ತೈತಿ. ಊರ ಹೆಸರು ಮೊದಲ ಬರೋಬರಿ ಹೇಳಬಾರದೇನವ್ವ?"

ಹುಡುಗಿ ತಲೆ ತಗ್ಗಿಸಿದಳು. "ನಾ ತಪ್ಪು ಹೇಳಿದ್ನಿರಿ."

ತಾಯಿ ಗಾಬರಿಯಿಂದ ಕೈ ಮುಗಿದಳು. "ಸಣ್ಣ ಕೂಸು ಐತ್ರಿ, ಅದಕ್ಕ ತಿಳೀಲಿಲ್ಲ. ಹೊಟ್ಯಾಗ ಹಾಕ್ಕೋರಿ."

ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು, ಸಹಿ ಹಾಕುವುದೊಂದೇ ಬಾಕಿ. ನಾನು ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಆ ಹುಡುಗಿಗೂ. ತಾಯಿಯಿಂದ ಇಷ್ಟು ದಿನ ದೂರ ಉಳಿದದ್ದು ತನ್ನದೇ ತಪ್ಪಿನಿಂದ ಎಂದು ನಂಬಿಕೊಂಡೇ ಅವಳು ದೊಡ್ಡವಳಾಗುತ್ತಿದ್ದಳು. ಎದ್ದು ನಿಂತೆ.

"ಆಕಿ ತಪ್ಪು ಹೇಳಿಲ್ರಿ. ಮೊದಲನೇ ದಿನಾನ ಹಿಪ್ಪರಗಿ ಅಂತ ಹೇಳ್ಯಾಳ. ದೇವರ ಅನ್ನೋದು ನಾ ಹಚ್ಚಿದ್ದು. ಇದು ನಮ್ಮೂರಲ್ಲ ಅಂತ ಸಂತ್ಯಾಗ ನಿಂತು ಹೇಳಿದ್ಲು, ಸುಳ್ಳು ಹೇಳ್ತಿ ಅಂತ ನಾನ ಬೈದೆ." ಆಮೇಲೆ ತಾಯಿಯ ಕಡೆ ತಿರುಗಿದೆ. "ತಪ್ಪು ನಂದು ಐತವ್ವ. ನಿನ್ನ ಮಗಳದು ಏನೂ ಇಲ್ಲ."

ತಾಯಿ ಏನು ಹೇಳುತ್ತಾಳೋ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ನನ್ನ ಕಡೆ ನೋಡಲೇ ಇಲ್ಲ, ಅವಳ ಕಣ್ಣು ಮಗಳ ಮೇಲಿತ್ತು.

ಹುಡುಗಿ ಮೆಲ್ಲಗೆ ತಲೆ ಎತ್ತಿದಳು.

"ಖರೇ ಏನ್ರಿ ಅಕ್ಕೋರ?"

"ಖರೇ ಅವ್ವ. ನೀ ಹೇಳಿದ್ದು ಬರೋಬರಿನ ಇತ್ತು."

ಅವಳು ಅಷ್ಟೂ ಜನರನ್ನು ಒಮ್ಮೆ ನೋಡಿದಳು. ಆಮೇಲೆ ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಎಂಟು ತಿಂಗಳಲ್ಲಿ ನಾನು ಅವಳ ಬಾಯಲ್ಲಿ ಅಷ್ಟು ಗಟ್ಟಿ ದನಿ ಕೇಳಿರಲಿಲ್ಲ.

"ಕೇಳಿದೇನ ಯವ್ವಾ? ನಾ ಬರೋಬರಿನ ಹೇಳಿದ್ನಿ. ನಾ ಬರೋಬರಿನ ಹೇಳಿದ್ನೆವ್ವಾ." ಹಾಗೆನ್ನುತ್ತಲೇ ಅವಳಿಗೆ ಅಳು ಬಂತು.